ಗಿರಣಿಯಲ್ಲಿ ಆರಿಸಿದ ಪೆಡಲ್

ಹಿಟ್ಟಿನ ಗಿರಣಿಯಲ್ಲಿ ನಿಂತು ಗಿಟಾರ್ ನುಡಿಸಿದವನು ನಮ್ಮೂರಿನಲ್ಲಿ ನಾನೊಬ್ಬನೇ. ಇದರಲ್ಲಿ ಹೆಮ್ಮೆ ಪಡುವಂಥದ್ದೇನೂ ಇಲ್ಲ. ಆ ದಿನ ರಾಗಿ ಬೀಸಿಸಲು ಬಂದಿದ್ದ ಹೆಂಗಸರು ಇವತ್ತಿಗೂ ನನ್ನನ್ನು ಕಂಡರೆ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಾರೆ. ಆದರೆ ಗಿಟಾರಿನ ಸದ್ದನ್ನು ಒರಟಾಗಿಸುವ ಒಂದು ಫಜ್ ಪೆಡಲ್ ಆರಿಸಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಆಗ ಹೊಳೆಯಲಿಲ್ಲ, ಈಗಲೂ ಹೊಳೆಯುವುದಿಲ್ಲ.

ನಮ್ಮೂರು ಹೊಳೆಯ ಈ ದಡದಲ್ಲಿದೆ, ಹೆಂಚಿನ ಕಾರ್ಖಾನೆ ಆ ದಡದಲ್ಲಿದೆ. ಬೆಳಿಗ್ಗೆ ಪ್ರತಿ ಮನೆಯಿಂದಲೂ ಒಬ್ಬರೋ ಇಬ್ಬರೋ ದೋಣಿ ಹತ್ತಿ ಕೆಲಸಕ್ಕೆ ಹೋಗುತ್ತಾರೆ, ಸಂಜೆ ವಾಪಸ್ಸು ಬರುತ್ತಾರೆ. ಸಂಜೆ ಅವರು ಆ ದಡದಿಂದ ಹೊರಡುವ ಹೊತ್ತಿಗೆ ಸರಿಯಾಗಿ ಹೊಳೆಯ ಮೇಲೆ ಮಂಜು ಇಳಿದಿರುತ್ತದೆ. ಆ ಮಂಜಿನಲ್ಲಿ ದೀಪ ಕಾಣುವುದಿಲ್ಲ, ಮನುಷ್ಯರ ಕೂಗು ನಾಲ್ಕು ಮಾರು ದಾಟುವುದಿಲ್ಲ. ವಾದ್ಯದ ಸದ್ದು ಮಾತ್ರ ದಾಟುತ್ತದೆ. ಹಾಗಾಗಿ ಪ್ರತಿ ಮನೆಗೂ ಹೊಳೆಗೆ ಇಳಿಯುವ ಸ್ವಂತ ಮೆಟ್ಟಿಲುಗಳಿವೆ, ಆ ಮೆಟ್ಟಿಲ ಮೇಲೆ ಕೂತು ನುಡಿಸಲು ಸ್ವಂತ ವಾದ್ಯವಿದೆ. ದೋಣಿಯಲ್ಲಿರುವವರು ತಮ್ಮ ಮನೆಯ ಸದ್ದನ್ನು ಹಿಡಿದುಕೊಂಡು ಹುಟ್ಟು ಹಾಕುತ್ತಾರೆ. ತಮ್ಮವರು ಬಂದು ಇಳಿದ ಕೂಡಲೇ ಆ ಮನೆಯವರು ನುಡಿಸುವುದನ್ನು ನಿಲ್ಲಿಸಬೇಕು. ಇನ್ನೂ ನೀರಿನ ಮೇಲಿರುವವರಿಗೆ ಅಡ್ಡಿಯಾಗಬಾರದು, ಅದು ಮರ್ಯಾದೆ.

ತಪ್ಪಿ ಬೇರೆಯವರ ಮೆಟ್ಟಿಲಿಗೆ ಬಂದು ಇಳಿದರೆ ಅಂದಿನಿಂದ ಅವರು ಆ ಮನೆಯವರು. ಮರುದಿನ ಬೆಳಿಗ್ಗೆ ಹಳೆಯ ಮನೆಯವರು ಅವರ ಊಟದ ತಟ್ಟೆಯನ್ನು ತೊಳೆದು ಹೊಸ ಮನೆಗೆ ಕಳಿಸಿಕೊಡುತ್ತಾರೆ. ಜಗಳ, ಪಂಚಾಯ್ತಿ ಯಾವುದೂ ಇಲ್ಲ. ಇಳಿದವರು "ಕೇಳಿಸಲಿಲ್ಲ" ಎಂದು ಒಂದು ಮಾತು ಹೇಳುತ್ತಾರೆ, ಅದರ ಮೇಲೆ ಯಾರೂ ಕೆದಕುವುದಿಲ್ಲ. ನಮ್ಮ ಚಿಕ್ಕಪ್ಪ ತಲೆ ನರೆತ ಮೇಲೆ ಹೀಗೆ ಡೊಳ್ಳಿನವರ ಮನೆಗೆ ಹೋದರು. ಸಂತೆಯಲ್ಲಿ ಸಿಕ್ಕರೆ ಈಗಲೂ ಚಿಕ್ಕಮ್ಮನ ಆರೋಗ್ಯ ವಿಚಾರಿಸುತ್ತಾರೆ, ಚಿಕ್ಕಮ್ಮನೂ ಅವರ ಮಂಡಿನೋವು ಹೇಗಿದೆ ಎನ್ನುತ್ತಾಳೆ. ಚಿಕ್ಕಮ್ಮ ನುಡಿಸುತ್ತಿದ್ದುದು ವೀಣೆ. ಡೊಳ್ಳಿನ ಪಕ್ಕದ ಮನೆಯಲ್ಲಿದ್ದುಕೊಂಡು ವೀಣೆ ನುಡಿಸಿದರೆ ಆಗುವುದೇ ಆಯಿತು ಎಂದು ಊರವರು ಚಿಕ್ಕಪ್ಪನ ಪರವಾಗಿಯೇ ಮಾತಾಡಿದರು.

ನನ್ನ ಹೆಂಡತಿ ಇಂದುಮತಿಯೂ ನಮ್ಮ ಮನೆಗೆ ಬಂದದ್ದು ಹಾಗೆಯೇ. ಅವಳು ಹಾರ್ಮೋನಿಯಂ ಮನೆಯ ಪಾಯಣ್ಣನವರ ಮಗಳು. ಒಂದು ಸಂಜೆ ನಾನು ಯಾವ ದೋಣಿಯನ್ನೂ ಎದುರು ನೋಡದೆ ಸುಮ್ಮನೆ ಅಭ್ಯಾಸಕ್ಕೆಂದು ಗಿಟಾರ್ ಹಿಡಿದು ಕೂತಿದ್ದೆ. ನಮ್ಮಮ್ಮ ತೀರಿಕೊಂಡ ಮೇಲೆ ನಮ್ಮ ಮನೆಯಿಂದ ಆ ದಡಕ್ಕೆ ಹೋಗುವವರೇ ಇರಲಿಲ್ಲ. ದೋಣಿಗಳ ಬಿರುಕಿಗೆ ರಾಳ ತುಂಬುವ ನನ್ನ ಕೆಲಸ ಈ ದಡದ್ದು. ಆದರೂ ಮಂಜಿನಿಂದ ಒಂದು ದೋಣಿ ಬಂದು ಮೆಟ್ಟಿಲಿಗೆ ತಾಗಿತು. ಅದರಿಂದ ಇಳಿದ ಹುಡುಗಿ ನನ್ನ ಮುಖ ನೋಡದೆ "ಕೇಳಿಸ್ಲಿಲ್ಲ" ಎಂದಳು. ಮರುದಿನ ಪಾಯಣ್ಣನವರು ತಟ್ಟೆಯನ್ನು ತಾವೇ ಹಿಡಿದುಕೊಂಡು ಬಂದರು. "ಇವಳಿಗೆ ಕೇಳ್ಸಿಲ್ವಂತೆ ಕಣಪ್ಪ ಧರಣೇಂದ್ರ," ಎಂದು ನನ್ನ ಕೈಯಲ್ಲಿ ತಟ್ಟೆಯನ್ನಿಟ್ಟರು. ಆಮೇಲೆ ನಮ್ಮ ಅಡುಗೆಮನೆಯ ಕಡೆ ಒಂದು ಸಲ ಇಣುಕಿ, "ಖಾರ ಜಾಸ್ತಿ ತಿಂತಾಳೆ, ನೋಡ್ಕೋ," ಎಂದರು.

ಕಾರ್ಖಾನೆಯಲ್ಲಿ ಇಂದುಮತಿಯ ಕೆಲಸ ಹೆಂಚು ತಟ್ಟುವುದು. ಸುಟ್ಟು ಹೊರಬಂದ ಹೆಂಚುಗಳನ್ನು ಒಂದೊಂದಾಗಿ ಎತ್ತಿ, ಮರದ ಕಡ್ಡಿಯಿಂದ ತಟ್ಟಿ, ಸದ್ದು ಕೇಳಿ, ಕಣ್ಣಿಗೆ ಕಾಣದ ಬಿರುಕು ಇರುವುದನ್ನು ಬೇರೆ ಇಡಬೇಕು. ಇಡೀ ದಿನ ಕಾರ್ಖಾನೆಯ ಗಲಾಟೆಯಲ್ಲಿ ಕೂತು ಕೂದಲೆಳೆಯ ಬಿರುಕನ್ನು ಸದ್ದಿನಲ್ಲೇ ಹಿಡಿಯುವವಳಿಗೆ, ಹುಟ್ಟಿದಾಗಿನಿಂದ ಕೇಳಿದ ತನ್ನಪ್ಪನ ಹಾರ್ಮೋನಿಯಂ ಕೇಳಿಸಲಿಲ್ಲ ಎಂದರೆ ನಂಬುವವರು ಯಾರು? ಯಾರೂ ನಂಬಲಿಲ್ಲ, ನಾನೂ ನಂಬಲಿಲ್ಲ. ನನಗೆ ಅದರಿಂದ ಆದದ್ದು ಸಂತೋಷ. ಇದೇ ವಿಷಯ ಮುಂದೊಂದು ದಿನ ನನ್ನ ನಿದ್ದೆ ಕೆಡಿಸುತ್ತದೆ ಎಂದು ಆಗ ಅನ್ನಿಸಿರಲಿಲ್ಲ.

ನಿದ್ದೆ ಕೆಟ್ಟದ್ದು ಪಕ್ಕದ ಮನೆಯ ಉಗ್ರಪ್ಪನವರಿಂದ. ಉಗ್ರಪ್ಪ ಕೆಟ್ಟವರಲ್ಲ. ಅವರ ಮೆಟ್ಟಿಲಿಗೂ ನಮ್ಮ ಮೆಟ್ಟಿಲಿಗೂ ನಡುವೆ ಇರುವುದು ಒಂದು ಸಂಪಿಗೆ ಮರ ಮಾತ್ರ. ಮೊದಲು ಅವರ ಮನೆಯಲ್ಲಿ ಇದ್ದದ್ದು ಒಂದೇ ಒಂದು ಟ್ರಂಪೆಟ್. ಟ್ರಂಪೆಟ್ಟಿನ ಸದ್ದಿಗೆ ದಾರಿ ತಪ್ಪಿ ಸ್ಯಾಕ್ಸೋಫೋನ್ ಮನೆಯ ಅಳಿಯ ಬಂದು ಇಳಿದ, ಬಂದವನು ಸುಮ್ಮನೆ ಕೂರುವುದು ಹೇಗೆಂದು ಅವನೂ ಊದಲು ಶುರು ಮಾಡಿದ. ಎರಡು ಸೇರಿದ್ದಕ್ಕೆ ಮತ್ತಿಬ್ಬರು ಬಂದರು, ಅವರಲ್ಲೊಬ್ಬಳು ಡ್ರಮ್ ಬಾರಿಸುತ್ತಿದ್ದಳು. ಸದ್ದು ಹೆಚ್ಚಾದಷ್ಟೂ ಜನ, ಜನ ಹೆಚ್ಚಾದಷ್ಟೂ ಸದ್ದು. ಈಗ ಅಲ್ಲಿ ಇಡೀ ಒಂದು ಬ್ಯಾಂಡ್ ಸೆಟ್ ಇದೆ, ಮೆಟ್ಟಿಲ ಎರಡೂ ಬದಿಯಲ್ಲಿ ಲೌಡ್ ಸ್ಪೀಕರ್ ಇದೆ. ಅವರ ಮನೆಯ ದೋಣಿಗಳೂ ಹಾಗೆಯೇ ಹೆಚ್ಚಾಗಿ, ಕೊನೆಯದು ಬಂದು ಸೇರುವ ತನಕ ಅವರು ನಿಲ್ಲಿಸುವಂತಿಲ್ಲ. ಎಲ್ಲರ ಮನೆಯ ಸದ್ದು ಅಡಗಿದ ಮೇಲೂ ಅವರದ್ದು ನಡೆಯುತ್ತಲೇ ಇರುತ್ತದೆ. ಅಷ್ಟು ಮಂದಿಗೆ ಅನ್ನ ಬೇಯಿಸಿ ಬೇಯಿಸಿ ಉಗ್ರಪ್ಪನವರ ಹೆಂಡತಿಯ ಸೊಂಟ ಬಿದ್ದುಹೋಗಿದೆ ಎನ್ನುವುದು ಬೇರೆ ಮಾತು.

ಆ ಗದ್ದಲದ ಪಕ್ಕದಲ್ಲಿ ನನ್ನ ಗಿಟಾರ್. ಕರೆಂಟಿನದೇ, ಆಂಪ್ಲಿಫೈಯರ್ ಪೆಟ್ಟಿಗೆಯೂ ಇದೆ. ಆದರೆ ನಾನು ನುಡಿಸುವುದು ನಾಲ್ಕೇ ಸ್ವರದ ಒಂದು ಸಣ್ಣ ಎಳೆ. ಇಂದುಮತಿ ಬಂದ ಸಂಜೆ ಬೆರಳಿಗೆ ಸಿಕ್ಕಿದ್ದು ಅದೇ ಆದ್ದರಿಂದ ಅದನ್ನೇ ಉಳಿಸಿಕೊಂಡು ಬಂದಿದ್ದೆ. ಪಕ್ಕದ ಬ್ಯಾಂಡ್ ಸೆಟ್ ಪೂರ್ತಿಯಾದ ವರ್ಷ ಅವಳು ತಡವಾಗಿ ಬರತೊಡಗಿದಳು. ದಿನವೂ ಉಗ್ರಪ್ಪನವರ ಬ್ಯಾಂಡ್ ನಿಂತ ಮೇಲೆಯೇ ನಮ್ಮ ಮೆಟ್ಟಿಲಿಗೆ ದೋಣಿ ತಾಗುತ್ತಿತ್ತು. "ತಡವಾಯ್ತಲ್ಲ," ಎಂದರೆ, "ಹೂಂ, ಆಯ್ತು," ಎನ್ನುತ್ತಿದ್ದಳು. ಆಮೇಲೆ ಒಂದು ದಿನ ಪಿಟೀಲು ಮನೆಯ ಗುಣವಂತಪ್ಪ ರಾಳ ಕೇಳಲು ಬಂದವನು ನನ್ನ ತಲೆಯಲ್ಲಿ ಹುಳ ಬಿಟ್ಟು ಹೋದ.

"ನಿನ್ನೆ ಮಂಜಲ್ಲಿ ನಿಮ್ಮನೆಯವ್ರ ದೋಣಿಗೆ ನನ್ ದೋಣಿ ತಗಲ್ಬಿಡ್ತು ಕಣಯ್ಯಾ," ಎಂದ.

"ಎಲ್ಲಿ?"

"ಉಗ್ರಪ್ಪನ ಮೆಟ್ಲ ಎದುರಿಗೇ. ಹುಟ್ಟು ಮೇಲಕ್ಕಿಟ್ಟು, ತಲೆ ಬಗ್ಗಿಸ್ಕೊಂಡು ಕೂತಿದ್ರು. ಬ್ಯಾಂಡ್ ಕೇಳ್ತಿದ್ರೇನೋ. ಕೇಳೋ ಹಾಗೇ ಇದೆ ಬಿಡು, ನಿನ್ನೆ ಸ್ಯಾಕ್ಸೋಫೋನು ಚೆನ್ನಾಗಿತ್ತು."

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಒಂದು ಮನೆಯ ಹಾರ್ಮೋನಿಯಂ ಕೇಳಿಸಲಿಲ್ಲ ಎಂದು ಬಂದವಳಿಗೆ ಇನ್ನೊಂದು ಮನೆಯ ಗಿಟಾರ್ ಕೇಳಿಸದಿರುವುದು ಎಷ್ಟರ ಮಾತು ಎಂದುಕೊಂಡೆ. ಅವಳನ್ನೇ ವಿಚಾರಿಸಬಹುದಿತ್ತು. ಆದರೆ ನಮ್ಮೂರಿನಲ್ಲಿ ಅದನ್ನು ವಿಚಾರಿಸುವ ಅಭ್ಯಾಸವಿಲ್ಲ. ವಿಚಾರಿಸಿದರೆ, ಹೋಗುವ ಮನಸ್ಸಿಲ್ಲದವರಿಗೂ ಹೋಗಬಹುದೆಂದು ನೆನಪು ಮಾಡಿದ ಹಾಗೆ. ಆ ರಾತ್ರಿ ಅಡುಗೆಮನೆಯ ಗೂಡಿನಲ್ಲಿದ್ದ ಅವಳ ತಟ್ಟೆಯನ್ನು ನೋಡಿದೆ. ಅದರ ಅಂಚಿನಲ್ಲಿ ಪಾಯಣ್ಣನವರ ಮನೆತನದ ಗುರುತಾಗಿ ಒಂದು ಸಣ್ಣ ಕಮಲ ಕೊರೆದಿದೆ. ಆ ತಟ್ಟೆಯನ್ನು ನಾನು ತೊಳೆದು, ಒರೆಸಿ, ಸಂಪಿಗೆ ಮರ ದಾಟಿ ಉಗ್ರಪ್ಪನವರ ಬಾಗಿಲಲ್ಲಿ ನಿಂತು ಕೊಡುವುದನ್ನು ನೆನೆಸಿಕೊಂಡಾಗ ನಿಜವಾಗಿ ಭಯವಾಯಿತು. ಅವಳು ನನಗೆ ಬೇಕಾಗಿತ್ತು, ಬೇರೆ ಮಾತೇ ಇಲ್ಲ.

ಹಾಗಾಗಿ ಪೇಟೆಯಲ್ಲಿ ವಾದ್ಯದ ಸಾಮಾನು ಮಾರುವ ಸೆಲಿನ್ ಬಾಯಿಯ ಅಂಗಡಿಗೆ ಹೋದೆ. ಸೆಲಿನ್ ಬಾಯಿ ಐದು ವಾಕ್ಯ ಮಾತಾಡಿದರೆ ಮೂರರಲ್ಲಿ ತನ್ನ ಸಾಮಾನನ್ನು ಹೊಗಳಿಕೊಳ್ಳುವ ಹೆಂಗಸು. ಬ್ಯಾಂಡಿನ ನಡುವೆ ಕೇಳಿಸುವಂಥದ್ದು ಏನಾದರೂ ಬೇಕು ಎಂದೆ.

"ಫಜ್ ಪೆಡಲ್ ಹಾಕು ಮಗಾ. ಕಾಲಲ್ಲಿ ಒತ್ತಿದ್ರೆ ಸಾಕು, ತಂತಿ ಸದ್ದೆಲ್ಲಾ ಒರಟಾಗಿ, ಉದ್ದಕ್ಕೆ ಎಳ್ಕೊಂಡು ಹೋಗುತ್ತೆ. ನಿನ್ ಗಿಟಾರು ಗಿಟಾರೇ ಅಲ್ಲ, ಹುಲಿ ಆಗುತ್ತೆ," ಎಂದಳು.

ಅಂಗಡಿಯ ಹಿಂದಿನ ಕೋಣೆಯ ಗೋಡೆಗಳಿಗೆ ಹಳೆಯ ರಜಾಯಿಗಳನ್ನು ಹೊಡೆದು ಹೊರಗಿನ ಗಲಾಟೆ ಬಾರದಂತೆ ಮಾಡಿದ್ದಳು. ಅಲ್ಲಿ ಕೂತು ಒಂದೊಂದೇ ಪೆಡಲ್ ಹಾಕಿ ನೋಡಿದೆ. ಕಂದು ಬಣ್ಣದ ಒಂದು ಪೆಡಲ್ ಒತ್ತಿದಾಗ ನನ್ನ ಎದೆ ತುಂಬಿ ಬಂತು. ಕೆಳಗಿನ ತಂತಿ ಮೀಟಿದರೆ ಕೂತ ಸ್ಟೂಲು ನಡುಗುತ್ತಿತ್ತು, ಮೇಲಿನ ತಂತಿ ಮೀಟಿದರೆ ಸದ್ದು ಬೆಲ್ಲದ ಪಾಕದ ಹಾಗೆ ದಪ್ಪಗೆ ಇಳಿಯುತ್ತಿತ್ತು. ಬೇರೆ ಯೋಚನೆ ಮಾಡದೆ ಅದನ್ನೇ ತಂದೆ. ಭಾನುವಾರ ಮನೆಯಲ್ಲಿ ಇಂದುಮತಿಗೆ ಕೇಳಿಸಿದೆ. ಅವಳು ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು.

"ಚೆನ್ನಾಗಿದೆ ರೀ. ಮನೆ ತುಂಬ್ಕೊಂಡ ಹಾಗಾಯ್ತು," ಎಂದಳು.

"ಹೊಳೇನೂ ತುಂಬುತ್ತೆ, ನೋಡ್ತಿರು," ಎಂದೆ.

ಸೋಮವಾರ ಸಂಜೆ ಆ ಸದ್ದಿನಿಂದ ಹೊಳೆಯೇನೂ ತುಂಬಲಿಲ್ಲ. ಮಂಜು ಇಳಿಯಿತು, ಸಾಲು ಮೆಟ್ಟಿಲುಗಳ ಮೇಲೆ ಎಲ್ಲರೂ ಶುರು ಮಾಡಿದರು, ಉಗ್ರಪ್ಪನವರ ಬ್ಯಾಂಡ್ ಒಂದು ಸಲ ಗಂಟಲು ಸರಿಮಾಡಿಕೊಂಡು ಎದ್ದಿತು. ನಾನು ಪೆಡಲ್ ಒತ್ತಿ ಮೀಟಿದೆ. ಪೆಟ್ಟಿಗೆಯ ಮೇಲೆ ಕೈ ಇಟ್ಟರೆ ನಡುಗುತ್ತಿದೆ, ಆದರೆ ಪಕ್ಕದಲ್ಲೇ ಕೂತ ನನಗೇ ಕೇಳಿಸುತ್ತಿಲ್ಲ. ಸದ್ದಿನ ಕೆಳಭಾಗವನ್ನೆಲ್ಲ ಅವರ ಡ್ರಮ್ ತಿಂದುಹಾಕಿತ್ತು. ಮೇಲ್ಭಾಗವನ್ನು ಟ್ರಂಪೆಟ್ ಮುಚ್ಚಿತ್ತು. ಕೋಣೆಯಲ್ಲಿ ಅಷ್ಟು ಮುದ್ದು ಮಾಡಿದ್ದ ಆ ಪೆಡಲಿಗೆ ಇವೆರಡರ ನಡುವೆ ತನ್ನದೆಂಬ ಸದ್ದೇ ಇರಲಿಲ್ಲ. ಇಂದುಮತಿ ಎಂದಿನಂತೆ ಉಗ್ರಪ್ಪನವರದ್ದು ನಿಂತ ಮೇಲೆ ಬಂದಳು. ಪೆಡಲಿನ ಬಗ್ಗೆ ಏನೂ ಹೇಳಲಿಲ್ಲ. ಊಟ ಮಾಡುವಾಗ ಅವಳು ಸ್ಯಾಕ್ಸೋಫೋನಿನ ಒಂದು ತುಣುಕನ್ನು ಗುನುಗಿದಳು. ಕಿವಿಗೆ ಬಿದ್ದದ್ದು ಬಾಯಿಗೆ ಬಂದಿರಬೇಕು, ಅದು ಸಹಜ. ನಾನು ಮಾತ್ರ ಅರ್ಧ ಊಟಕ್ಕೇ ಎದ್ದು ಕೈ ತೊಳೆದೆ.

ಮಂಗಳವಾರ ಅವಳ ದೋಣಿ ಕಣ್ಮರೆಯಾದ ಕೂಡಲೇ ಕಂದು ಪೆಡಲನ್ನು ಚೀಲಕ್ಕೆ ಹಾಕಿಕೊಂಡು ಮತ್ತೆ ಸೆಲಿನ್ ಬಾಯಿಯ ಅಂಗಡಿಗೆ ಹೋದೆ.

"ನಿಮ್ ಹುಲಿ ನಮ್ ಮೆಟ್ಲಲ್ಲಿ ಬೆಕ್ಕಾಗಿದೆ," ಎಂದೆ.

"ಇಲ್ಲಿ ಚೆನ್ನಾಗಿತ್ತಲ್ಲ!"

"ಇಲ್ಲಿ ರಜಾಯಿ ಬಿಟ್ರೆ ಇನ್ಯಾರಿದ್ದಾರೆ ಬಾಯಿ? ಎಲ್ಲಾ ಪೆಡಲ್ಲೂ ಒಂದು ದಿನದ ಮಟ್ಟಿಗೆ ಕೊಡಿ. ಗಲಾಟೆ ಇರೋ ಕಡೆ ತಗೊಂಡ್ ಹೋಗಿ ನೋಡ್ತೀನಿ."

ಊರಿನಲ್ಲಿ ಹಗಲು ಹೊತ್ತು ಉಗ್ರಪ್ಪನವರ ಬ್ಯಾಂಡಿಗೆ ಸಮನಾದ ಗಲಾಟೆ ಇರುವುದು ಗಿರಣಿ ಕೆಂಚಣ್ಣನ ಬಳಿ ಮಾತ್ರ. ಬೆಲ್ಟು ತಿರುಗುವಾಗ ಅಲ್ಲಿ ಪಕ್ಕದವರ ತುಟಿ ನೋಡಿಯೇ ಮಾತು ಅರ್ಥ ಮಾಡಿಕೊಳ್ಳಬೇಕು. ಪೆಡಲಿನ ನಾಬುಗಳಿಗೆ ಹಿಟ್ಟು ಸೇರಿದರೆ ನೀನೇ ಹೊಣೆ ಎಂದು ಸೆಲಿನ್ ಬಾಯಿ ಗೊಣಗುತ್ತಲೇ ಕೊಟ್ಟಳು. ಆಂಪ್ಲಿಫೈಯರನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಗಿರಣಿಗೆ ಹೋದೆ. ಡಬ್ಬ, ಪುಟ್ಟಿ, ಚೀಲ ಹಿಡಿದ ಹೆಂಗಸರು ಸಾಲಾಗಿ ಕೂತಿದ್ದರು. ಅವರಲ್ಲಿ ಹಿರಿಯಳಾದ ಪುಟ್ಟತಾಯಮ್ಮನಿಗೆ ನನ್ನ ಕಷ್ಟದ ಅರ್ಧ ಭಾಗವನ್ನು ಹೇಳಿದೆ. ಹೆಂಡತಿಯ ವಿಷಯ ಬಿಟ್ಟು, ಗಿಟಾರ್ ಕೇಳಿಸಬೇಕು ಎಂದಷ್ಟೇ ಹೇಳಿದೆ. ಅವಳು ಉಳಿದ ಅರ್ಧವನ್ನು ತಾನೇ ಊಹಿಸಿಕೊಂಡಳೆಂದು ಕಾಣುತ್ತದೆ, "ನುಡ್ಸು, ನಾವ್ ಹೇಳ್ತೀವಿ," ಎಂದು ಸೆರಗು ಸಿಕ್ಕಿಸಿಕೊಂಡು ಕೂತಳು.

ಗಿರಣಿ ತಿರುಗಿತು. ಕಂದು ಪೆಡಲ್ ಹಾಕಿ ಮೀಟಿದೆ. ಹೆಂಗಸರು ನನ್ನ ಬೆರಳನ್ನೇ ನೋಡುತ್ತಿದ್ದರು. ನಾನು ನುಡಿಸಿ ಮುಗಿಸಿದೆನೆಂದು ಅವರಿಗೆ ಗೊತ್ತಾದದ್ದು ನಾನು ತಲೆ ಎತ್ತಿದ ಮೇಲೆ. ಎಲ್ಲರೂ ಕೈ ಅಲ್ಲಾಡಿಸಿದರು. ಹಸಿರು ಪೆಡಲ್ ಹಾಕಿದೆ. ಅದು ಶುರುವಿನಲ್ಲಿ ಸ್ವಲ್ಪ ಕೇಳಿಸಿ, ಆಮೇಲೆ ಹಿಟ್ಟಿನ ಜೊತೆ ಹಿಟ್ಟಾಯಿತು. ಪುಟ್ಟತಾಯಮ್ಮ ಹೆಬ್ಬೆರಳನ್ನು ಅರ್ಧಕ್ಕೆ ಎತ್ತಿ ಇಳಿಸಿದಳು. ಕೊನೆಯದು ಬೂದು ಬಣ್ಣದ್ದು, ಪೇಂಟೆಲ್ಲ ಎದ್ದುಹೋಗಿತ್ತು. ಅಂಗಡಿಯ ಕೋಣೆಯಲ್ಲಿ ಅದನ್ನು ಒತ್ತಿದ್ದಾಗ ಡಬ್ಬಿಯೊಳಗೆ ಸಿಕ್ಕಿಬಿದ್ದ ಜೀರುಂಡೆಯ ಹಾಗೆ ಮೂಗಿನಲ್ಲಿ ಕಿರುಗುಟ್ಟಿತ್ತು, ಅಲ್ಲೇ ಬದಿಗಿಟ್ಟಿದ್ದೆ. ಈಗ ಒತ್ತಿ ಮೇಲಿನ ತಂತಿಯ ಒಂದು ಸ್ವರ ಹಿಡಿದು ಎಳೆದೆ.

ಗಿರಣಿಯ ಸದ್ದನ್ನು ಅದು ಸೀಳಿತು. ಗಿರಣಿಗಿಂತ ಜೋರಾಗಿತ್ತೆಂದಲ್ಲ. ಗಿರಣಿಯ ಸದ್ದಿನಲ್ಲಿ ಎಲ್ಲೋ ಒಂದು ಸಂದಿ ಇತ್ತು, ಇದು ಆ ಸಂದಿಯಲ್ಲಿ ಮೈ ತೂರಿಸಿಕೊಂಡು ಆಚೆ ಬಂತು. ಹೆಂಗಸರು ಒಟ್ಟಿಗೆ ಕಿವಿ ಮುಚ್ಚಿಕೊಂಡರು. ಒಳಗಿನಿಂದ ಕೆಂಚಣ್ಣ ಬೆಲ್ಟು ಹರಿಯಿತೆಂದುಕೊಂಡು ಓಡಿಬಂದು ಮೋಟಾರು ನಿಲ್ಲಿಸಿಬಿಟ್ಟ. ಆ ನಿಶ್ಶಬ್ದದಲ್ಲಿ ನನ್ನ ಒಂದು ಸ್ವರ ಮಾತ್ರ ಬಿಡದೆ ಕೂಗುತ್ತಿತ್ತು.

"ಏನಪ್ಪಾ ಅದು, ಹಂದಿ ಕೊಯ್ದಂಗೆ?" ಎಂದ ಕೆಂಚಣ್ಣ.

"ಕೇಳ್ಸಿತಾ?"

"ಕೇಳ್ದೆ ಇರೋರು ಯಾರು?"

ಪುಟ್ಟತಾಯಮ್ಮ ಕಿವಿಯಿಂದ ಕೈ ತೆಗೆದು, "ಮೊದಲ್ನೇದು ಚೆನ್ನಾಗಿತ್ತೋ ಏನೋ, ಕೇಳ್ಸಲಿಲ್ಲ. ಇದು ಕೇಳ್ಸುತ್ತೆ, ಆದ್ರೆ ಯಾಕಾದ್ರೂ ಕೇಳ್ಸಿತೋ ಅನ್ಸುತ್ತೆ," ಎಂದಳು. ಇನ್ನೊಬ್ಬಳು, "ಇದನ್ ನುಡ್ಸಿದ್ರೆ ಬರೋರೂ ವಾಪಸ್ ಹೋಗ್ತಾರೆ ಬಿಡು," ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಮಾತನ್ನು ಅಲ್ಲೇ ಸ್ವಲ್ಪ ಯೋಚಿಸಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಗೆದ್ದ ಖುಷಿಯಲ್ಲಿದ್ದೆ. ಬೂದು ಪೆಡಲನ್ನು ಇಟ್ಟುಕೊಂಡೆ, ಉಳಿದದ್ದನ್ನು ವಾಪಸ್ಸು ಕೊಟ್ಟೆ. "ಅದನ್ ಯಾರೂ ತಗೊಂಡಿರ್ಲಿಲ್ಲ. ಅದ್ಭುತವಾದ ಪೆಡಲ್ಲು," ಎಂದಳು ಸೆಲಿನ್ ಬಾಯಿ.

ಸಂಜೆ ಮಂಜಿಗಿಂತ ಮೊದಲೇ ಮೆಟ್ಟಿಲಿಗೆ ಬಂದು ಕೂತೆ. ಪೆಡಲಿಗೆ ಹೊಸ ಬ್ಯಾಟರಿ ಹಾಕಿದ್ದೆ. ನಾಲ್ಕು ಸ್ವರದ ನಮ್ಮ ಎಳೆಯನ್ನು ಅದರಲ್ಲಿ ನುಡಿಸಿ ನೋಡಿದರೆ ಎಲ್ಲ ಕಲಸುಮೇಲೋಗರವಾಗುತ್ತಿತ್ತು. ಅದಕ್ಕೆ ಗಿರಣಿಯಲ್ಲಿ ಗೆದ್ದ ಆ ಒಂದೇ ಸ್ವರ ಸಾಕು ಎಂದು ತೀರ್ಮಾನಿಸಿದೆ. ಮಂಜು ಇಳಿಯಿತು. ಮೇಲಿನ ಸಾಲಿನಲ್ಲಿ ಪಿಟೀಲು, ಅದರಾಚೆ ಹಾರ್ಮೋನಿಯಂ, ದೂರದಲ್ಲಿ ಡೊಳ್ಳು, ಪಕ್ಕದಲ್ಲಿ ಉಗ್ರಪ್ಪನವರ ಬ್ಯಾಂಡ್. ನಾನು ಕಾಲು ಒತ್ತಿ ಎಳೆದೆ.

ಕೇಳಿಸಿತು. ನನಗೆ ಕೇಳಿಸಿತು, ಉಗ್ರಪ್ಪನವರಿಗೆ ಕೇಳಿಸಿತು, ಅವರ ಟ್ರಂಪೆಟ್ ಒಂದು ಗಳಿಗೆ ತಡವರಿಸಿದ್ದು ನನಗೆ ಗೊತ್ತಾಯಿತು. ಸ್ಯಾಕ್ಸೋಫೋನಿನವನು ಸಂಪಿಗೆ ಮರದ ಸಂದಿಯಿಂದ ಇಣುಕಿ ನೋಡಿದ. ನಾನು ಅವನ ಕಡೆ ನೋಡದೆ ಮತ್ತೆ ಎಳೆದೆ. ಇನ್ನು ಆ ದಡದಲ್ಲಿ ದೋಣಿ ಬಿಚ್ಚುವಾಗಲೇ ಅವಳಿಗೆ ಕೇಳಿಸುತ್ತದೆ, ಇವತ್ತು ಎಲ್ಲರಿಗಿಂತ ಮೊದಲು ಬರುತ್ತಾಳೆ ಎಂದುಕೊಂಡೆ.

ಮೊದಲು ಬಂದದ್ದು ಪಿಟೀಲು ಮನೆಯ ಗುಣವಂತಪ್ಪ. ಪಿಟೀಲು ನಿಂತಿತು. ಆಮೇಲೆ ಹಾರ್ಮೋನಿಯಂ ನಿಂತಿತು. ಒಂದೊಂದಾಗಿ ದೋಣಿಗಳು ಮೆಟ್ಟಿಲಿಗೆ ತಾಗುವುದು, ಹಗ್ಗ ಎಸೆಯುವುದು, ಮನೆಯವರು ವಾದ್ಯ ಎತ್ತಿಕೊಂಡು ಒಳಗೆ ಹೋಗುವುದು ಸಾಲಾಗಿ ನಡೆಯಿತು. ಡೊಳ್ಳು ನಿಂತಿತು. ಉಗ್ರಪ್ಪನವರ ದೋಣಿಗಳೂ ಎಲ್ಲ ಬಂದವು. ಅವರ ಬ್ಯಾಂಡ್ ಕೂಡ ನಿಂತಿತು. ಇಷ್ಟು ಹೊತ್ತಿಗೆ ಇಂದುಮತಿ ಬರುವ ವೇಳೆ. ನಾನು ಇನ್ನೂ ಬಲವಾಗಿ ಎಳೆದೆ. ಈಗ ಇಡೀ ಹೊಳೆಯ ಮೇಲೆ ಇದ್ದದ್ದು ಅದೊಂದೇ ಸದ್ದು. ಅದು ಹೋಗಿ ಆ ದಡಕ್ಕೆ ಬಡಿದು ವಾಪಸ್ಸು ಬರುತ್ತಿತ್ತು. ನಾನು ತಂತಿ ಬಿಡುವ ಮೊದಲೇ ಅದರ ಮಾರ್ದನಿ ಬಂದು ಸೇರಿಕೊಳ್ಳುತ್ತಿದ್ದುದರಿಂದ ನಡುವೆ ಬಿಡುವೆಂಬುದೇ ಇರಲಿಲ್ಲ.

ಅವಳು ಬರಲಿಲ್ಲ. ಪೆಡಲಿನ ನಾಬನ್ನು ಇದ್ದಷ್ಟೂ ತಿರುಗಿಸಿದೆ. ಬೆರಳ ತುದಿ ಉರಿಯುತ್ತಿತ್ತು. ಕೇಳಿಸಲಿಲ್ಲ ಎಂದು ಈಗ ಹೇಳುವಂತೆಯೇ ಇಲ್ಲ. ಹಾಗಾದರೆ ಕೇಳಿಸಿಯೂ ಬರಲಿಲ್ಲ. ನಮ್ಮೂರಿನಲ್ಲಿ ಯಾರಿಗೂ ಆಗದ ಅವಮಾನವನ್ನು ನಾನೇ ಕೈಯಾರೆ ಅಂಗಡಿಯಿಂದ ತಂದುಕೊಂಡಿದ್ದೆ. ಉಗ್ರಪ್ಪನವರ ಮನೆಯಲ್ಲಿ ಊಟಕ್ಕೆ ಎಲೆ ಹಾಕುತ್ತಿರುವುದು ಸಂಪಿಗೆ ಮರದ ಸಂದಿಯಿಂದ ಕಾಣಿಸಿತು. ಅಲ್ಲಿ ಒಂದು ಎಲೆ ಹೆಚ್ಚಿಗೆ ಬಿದ್ದಿರಬಹುದು ಎನ್ನಿಸಿತು. ಅಷ್ಟರಲ್ಲಿ ಉಗ್ರಪ್ಪನವರೇ ಹೆಗಲಿಗೆ ಟವೆಲ್ ಹಾಕಿಕೊಂಡು ಸಂಪಿಗೆ ಮರ ಸುತ್ತಿ ಬಂದು ನನ್ನ ಪಕ್ಕ ನಿಂತರು. ಏನೋ ಹೇಳಿದರು, ಕೇಳಿಸಲಿಲ್ಲ. ಕಿವಿಯ ಹತ್ತಿರ ಬಗ್ಗಿ ಕೂಗಿದರು.

"ನಮ್ ಮನೇಗ್ ಬಂದಿಲ್ಲ ಕಣಯ್ಯಾ!"

ನಾನು ಅವರ ಮುಖ ನೋಡಿದೆ.

"ನಿಜವಾಗ್ಲೂ ಬಂದಿಲ್ಲ. ಬೇರೆ ಮನೆಗಳಲ್ಲೂ ವಿಚಾರ್ಸಿ ಬಾ ಅಂತ ನಮ್ ಹುಡುಗಿಯನ್ನ ಕಳ್ಸಿದ್ದೆ. ಯಾರ್ ಮೆಟ್ಲಲ್ಲೂ ಇಳ್ದಿಲ್ಲ."

ಯಾರ ಮೆಟ್ಟಿಲಲ್ಲೂ ಇಳಿದಿಲ್ಲ ಎಂದರೆ ಅವಳು ನೀರಿನ ಮೇಲಿದ್ದಾಳೆ, ಇಲ್ಲವೇ ನೀರಿನಲ್ಲಿದ್ದಾಳೆ. ಹೊಳೆ ನಡುವಿನಲ್ಲಿ ಆಳವಿದೆ, ಅವಳ ದೋಣಿಯ ಹಿಂಬದಿಗೆ ರಾಳ ತುಂಬುವುದನ್ನು ನಾನು ನಾಳೆ ನಾಳೆ ಎಂದು ಮುಂದೆ ಹಾಕುತ್ತಲೇ ಬಂದಿದ್ದೆ. ಅವಳು ಉಗ್ರಪ್ಪನವರ ಮನೆಯಲ್ಲೇ ಇಳಿದಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸಿತು. ಈ ಹೊತ್ತಿಗೆ ಅವರ ಮನೆಯ ಒಳಗೆ ಕೂತು ಬಿಸಿ ಅನ್ನ ಊಟ ಮಾಡುತ್ತಿದ್ದರೆ ನಾನು ತಟ್ಟೆಯನ್ನು ಹುಣಿಸೆಹಣ್ಣು ಹಾಕಿ ಬೆಳಗಿ ತಂದು ಕೊಡುತ್ತಿದ್ದೆ. ದಿನವೂ ಸಂಪಿಗೆ ಮರದ ಈಚೆಯಿಂದ ಅವಳು ನಡೆದಾಡುವುದನ್ನು ನೋಡಿಕೊಂಡು ಇರುತ್ತಿದ್ದೆ. ಇದನ್ನು ನಾನು ಔದಾರ್ಯದಿಂದ ಹೇಳುತ್ತಿಲ್ಲ, ಆಗ ಹಾಗೆಯೇ ಅನ್ನಿಸಿತು.

"ಸ್ವಲ್ಪ ನಿಲ್ಸು. ಹುಟ್ಟಿನ ಸದ್ದೇನಾದ್ರೂ ಬರುತ್ತಾ ಕೇಳೋಣ," ಎಂದರು ಉಗ್ರಪ್ಪ.

ಪೆಡಲನ್ನು ಒತ್ತಿ ಆರಿಸಿದೆ. ಹೊಳೆ ಒಮ್ಮೆಲೇ ದೊಡ್ಡದಾದ ಹಾಗಾಯಿತು. ನೀರು ಮೆಟ್ಟಿಲಿಗೆ ಬಡಿಯುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಇಬ್ಬರೂ ಹೊಳೆಯ ಕಡೆ ಕಿವಿಗೊಟ್ಟು ಕಾದೆವು. ಕೈಗೆ ಏನಾದರೂ ಕೆಲಸ ಬೇಕಾಗಿತ್ತು. ಬೆರಳುಗಳು ತಾವಾಗಿಯೇ ನಮ್ಮ ಹಳೆಯ ನಾಲ್ಕು ಸ್ವರದ ಎಳೆಯನ್ನು ಹಿಡಿದವು. ಫಜ್ ಇಲ್ಲ, ಏನಿಲ್ಲ. ಅಷ್ಟು ಗದ್ದಲದ ನಂತರ ಅದು ಪಾತ್ರೆಯ ಅಂಚಿಗೆ ಚಮಚ ತಾಗಿದಷ್ಟೇ ಸಣ್ಣಗೆ ಕೇಳಿಸಿತು.

ಎರಡನೇ ಸಲ ನುಡಿಸುವಷ್ಟರಲ್ಲಿ ಮಂಜಿನೊಳಗೆ, ತೀರಾ ಹತ್ತಿರದಲ್ಲಿ, ಹುಟ್ಟು ನೀರಿಗೆ ಬಿತ್ತು. ಮೂರನೇ ಸಲಕ್ಕೆ ದೋಣಿಯ ಮೂತಿ ಕಾಣಿಸಿತು. ಅದು ಎಲ್ಲಿಂದಲೋ ಬಂದದ್ದಲ್ಲ, ಅಲ್ಲೇ ಎದುರಿನಲ್ಲೇ ಇದ್ದದ್ದು. ಇಂದುಮತಿ ಹಗ್ಗ ಎಸೆದಳು. ಉಗ್ರಪ್ಪ ಹಿಡಿದರು, ನಾನು ಗಿಟಾರ್ ಹಿಡಿದುಕೊಂಡೇ ಕೂತಿದ್ದೆ. ಅವಳು ಸೀರೆ ಎತ್ತಿ ಹಿಡಿದು ಮೆಟ್ಟಿಲು ಹತ್ತಿ ಬಂದವಳು ಮೊದಲು ಸೆರಗಿನ ತುದಿಯಿಂದ ಕಿವಿ ಒರೆಸಿಕೊಂಡಳು.

"ಯಾರ ಮನೇದ್ರೀ ಅದು, ಆ ದರಿದ್ರ ಸದ್ದು?" ಎಂದಳು.

ಉಗ್ರಪ್ಪ ನನ್ನ ಕಾಲಿನ ಬಳಿ ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ಸಂಪಿಗೆ ಮರದ ಕಡೆ ನೋಡಿ ಕೆಮ್ಮಿದರು.

"ಯಾರೋ ಹೊಸಬರಿರ್ಬೇಕು," ಎಂದೆ.

"ಎಂಥಾ ಜನಾನಪ್ಪ. ಎಲ್ಲಾರ್ದೂ ನಿಲ್ತು, ಇವ್ರದ್ದೂ ನಿಲ್ತು," ಎಂದು ಉಗ್ರಪ್ಪನವರ ಕಡೆ ಕೈ ತೋರಿಸಿದಳು. "ಇನ್ನೇನು ನಿಮ್ದು ಕೇಳ್ಸುತ್ತೆ ಅಂತ ಹುಟ್ಟು ಮೇಲಿಟ್ಟು ಕೂತ್ರೆ, ಅದೊಂದು ಮಾತ್ರ ಕೊಯ್ತಾನೇ ಇದೆ, ಕೊಯ್ತಾನೇ ಇದೆ. ಯಾವಾಗ ನಿಲ್ಲುತ್ತೋ ಅಂತ ಕಾದೂ ಕಾದೂ ಕಾಲು ಜೋಮು ಹಿಡೀತು."

"ದಿನಾ ಹೀಗೇ ಕೂತಿರ್ತೀಯಾ?" ಎಂದೆ.

"ಮತ್ತಿನ್ನೇನ್ ಮಾಡ್ಲಿ? ನಿಮ್ದು ಸಣ್ಣ ಸದ್ದು. ಎಲ್ಲಾರ್ದೂ ಮುಗಿದ್ ಮೇಲೇ ಅಲ್ವಾ ಕೇಳ್ಸೋದು?"

ಇದನ್ನು ಅವಳು ಉಪ್ಪು ಮುಗಿದಿದೆ ಎನ್ನುವ ಹಾಗೆ ಹೇಳಿದಳು. ಹೆಂಚು ತಟ್ಟಿ ತಟ್ಟಿ ಕಡ್ಡಿ ಹಿಡಿದ ಬೆರಳು ಜಡ್ಡುಗಟ್ಟಿತ್ತು, ಅದರಿಂದಲೇ ಹಣೆಯ ಮೇಲಿನ ಮಂಜಿನ ಹನಿ ಒರೆಸಿಕೊಂಡಳು. ಉಗ್ರಪ್ಪನವರು ಹಗ್ಗವನ್ನು ಗೂಟಕ್ಕೆ ಸುತ್ತಿ, ಊಟ ಆರುತ್ತಿದೆಯೆಂದು ಹೇಳಿ ಹೊರಟುಹೋದರು.

"ಅದ್ಸರಿ, ಇವತ್ತು ನಿಮ್ದು ಯಾಕೆ ಇಷ್ಟ್ ತಡ?" ಎಂದಳು ಇಂದುಮತಿ.

ಕಾಲಿನಿಂದ ಪೆಡಲನ್ನು ಮೆಲ್ಲಗೆ ಆಂಪ್ಲಿಫೈಯರಿನ ಹಿಂದಕ್ಕೆ ತಳ್ಳಿದೆ.

"ನಾನೂ ಅದು ನಿಲ್ಲಲಿ ಅಂತ ಕಾಯ್ತಿದ್ದೆ," ಎಂದೆ.

ಬುಧವಾರ ಬೆಳಿಗ್ಗೆ ಅವಳು ಹೊರಡುವ ಮೊದಲು ದೋಣಿಯ ಹಿಂಬದಿಗೆ ರಾಳ ತುಂಬಿದೆ. ಸಂಜೆ ಎಂದಿನಂತೆ ಮೆಟ್ಟಿಲಿಗೆ ಬಂದು ಕೂತೆ. ಪಿಟೀಲು, ಹಾರ್ಮೋನಿಯಂ, ಡೊಳ್ಳು, ಸ್ಯಾಕ್ಸೋಫೋನ್ ಎಲ್ಲ ಶುರುವಾದವು. ಎದುರಿಗೆ ಮಂಜು ಗೋಡೆಯ ಹಾಗೆ ನಿಂತಿತ್ತು, ಅದರಾಚೆ ಕೆಲವೇ ಮಾರು ದೂರದಲ್ಲಿ ಹುಟ್ಟು ಮೇಲಿಟ್ಟುಕೊಂಡು ಅವಳು ಕೂತಿದ್ದಾಳೆಂದು ನನಗೆ ಗೊತ್ತಿತ್ತು. ಉಗ್ರಪ್ಪನವರ ಬ್ಯಾಂಡ್ ನಿಲ್ಲುವವರೆಗೂ ನಾನು ಗಿಟಾರ್ ಮುಟ್ಟಲಿಲ್ಲ.